ಸಕ್ಕರೆ ಏರಿದಾಗ ಮಾರ್ಕರೂ ಏರಬಹುದು, ಗಾಬರಿ ಬೇಡ!

ಹಿರಿಯರ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ‘ಟ್ಯೂಮರ್ ಮಾರ್ಕರ್’ ಹೆಚ್ಚು ಅಂತ ಬಂದರೆ ಮನೆಮಂದಿಯ ನಿದ್ದೆಯೇ ಹಾರಿಹೋಗುತ್ತದೆ. ಅದಕ್ಕೆ ಹತೋಟಿ ತಪ್ಪಿದ ಸಕ್ಕರೆಯೂ ಕಾರಣವಾಗಿರಬಹುದು. ಯಾವಾಗ ಧೈರ್ಯವಾಗಿರಬೇಕು, ಯಾವಾಗ ತಡ ಮಾಡಬಾರದು? ಇಲ್ಲಿದೆ ಮಾಹಿತಿ.

ಅತ್ತೆಗೋ ಅಮ್ಮನಿಗೋ ಅರವತ್ತು ದಾಟಿತು, ಒಮ್ಮೆ ಎಲ್ಲಾ ಪರೀಕ್ಷೆ ಮಾಡಿಸಿಬಿಡೋಣ ಅಂತ ಯಾವುದೋ ಹೆಲ್ತ್ ಪ್ಯಾಕೇಜ್ ಮಾಡಿಸುತ್ತೀರಿ. ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್ ಎಲ್ಲದರ ಜತೆಗೆ ‘ಕ್ಯಾನ್ಸರ್ ಮಾರ್ಕರ್’ ಎಂಬ ಇನ್ನೆರಡು ಪರೀಕ್ಷೆಗಳೂ ಅದರಲ್ಲಿ ಸೇರಿರುತ್ತವೆ. ಸಂಜೆ ಮೊಬೈಲಿಗೆ ರಿಪೋರ್ಟ್ ಬರುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 240. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಸಿಎ 19-9, 58. ಪಕ್ಕದಲ್ಲೇ ‘37ಕ್ಕಿಂತ ಕಡಿಮೆ ಇರಬೇಕು’ ಅಂತ ಬರೆದಿದೆ. ಅಷ್ಟು ಸಾಕು! ಸಕ್ಕರೆಯ ವಿಷಯ ಎಲ್ಲರೂ ಮರೆತೇಬಿಡುತ್ತಾರೆ. ಮಗ ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾನೆ, ಮಗಳು ಫೋನಿನಲ್ಲಿ ಅಳುತ್ತಾಳೆ, ಆ ಹಿರಿಯ ಜೀವ ಊಟ ಬಿಟ್ಟು ಮೂಲೆ ಹಿಡಿಯುತ್ತದೆ.

ಇಂಥ ಹೊತ್ತಿನಲ್ಲಿ ಮನೆಯ ಹೆಣ್ಣುಮಕ್ಕಳ ಪಾತ್ರ ದೊಡ್ಡದು. ರಿಪೋರ್ಟಿನ ಫೈಲು ಜೋಪಾನ ಮಾಡುವವರು ನೀವು, ಮಾತ್ರೆ ಎತ್ತಿಕೊಡುವವರು ನೀವು, ಯಾರು ಎಷ್ಟು ಉಂಡರು ಅಂತ ಗಮನಿಸುವವರೂ ನೀವೇ. ಹಾಗಾಗಿ ಈ ಎರಡು ಅಂಕಿಗಳ ನಡುವಿನ ನಂಟನ್ನು ನೀವು ತಿಳಿದುಕೊಂಡಿದ್ದರೆ ಮನೆಯವರ ಅರ್ಧ ಭಯ ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ನಿಜವಾದ ಅಪಾಯವಿದ್ದರೆ ಅದು ಬೇಗ ಕಣ್ಣಿಗೆ ಬೀಳುತ್ತದೆ.

ಏನಿದು ಟ್ಯೂಮರ್ ಮಾರ್ಕರ್?

ಕೆಲವು ಬಗೆಯ ಗಡ್ಡೆಗಳು ರಕ್ತಕ್ಕೆ ಬಿಡುವ ವಸ್ತುಗಳನ್ನು ವೈದ್ಯರು ಟ್ಯೂಮರ್ ಮಾರ್ಕರ್ ಅನ್ನುತ್ತಾರೆ. ಸಿಇಎ ಎಂಬ ಮಾರ್ಕರನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವೈದ್ಯರು ಗುರುತಿಸಿದರು. ಇದು ಮುಖ್ಯವಾಗಿ ದೊಡ್ಡಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದ್ದು. ಸಿಎ 19-9 ಬೆಳಕಿಗೆ ಬಂದದ್ದು 1979ರಲ್ಲಿ, ಅಮೆರಿಕದ ಹಿಲರಿ ಕೊಪ್ರೊವ್‌ಸ್ಕಿ ಅವರ ತಂಡದಿಂದ. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್ ಮತ್ತು ಪಿತ್ತನಾಳದ ಕ್ಯಾನ್ಸರಿನಲ್ಲಿ ಇದು ಏರುತ್ತದೆ. ಅಂಡಾಶಯಕ್ಕೆ ಸಿಎ 125, ಗಂಡಸರ ಪ್ರಾಸ್ಟೇಟಿಗೆ ಪಿಎಸ್‌ಎ, ಲಿವರಿಗೆ ಎಎಫ್‌ಪಿ, ಹೀಗೆ ಒಂದೊಂದಕ್ಕೆ ಒಂದೊಂದು.

ಆದರೆ ಒಂದು ಮಾತು ನೆನಪಿರಲಿ. ಈ ವಸ್ತುಗಳನ್ನು ಕ್ಯಾನ್ಸರ್ ಮಾತ್ರ ತಯಾರಿಸುವುದಿಲ್ಲ. ಆರೋಗ್ಯವಂತರ ದೇಹದಲ್ಲೂ ಅವು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಸಿಎ 19-9 ಅನ್ನು ಮೇದೋಜೀರಕ ಗ್ರಂಥಿಯ ಮತ್ತು ಪಿತ್ತನಾಳದ ಒಳಗೋಡೆಯ ಸಾಮಾನ್ಯ ಕೋಶಗಳೂ ತಯಾರಿಸುತ್ತವೆ. ಅಲ್ಲಿ ಉರಿಯೂತವೋ ಅಡಚಣೆಯೋ ಆದರೆ ಅದು ರಕ್ತದಲ್ಲಿ ಹೆಚ್ಚುತ್ತದೆ.

ಒಗ್ಗರಣೆ ಹಾಕಿದಾಗ ಮನೆ ತುಂಬಾ ಹೊಗೆಯಾಡುವುದಿಲ್ಲವೇ? ಹೊಗೆ ಕಂಡಿದ್ದು ನಿಜ. ಆದರೆ ಮನೆಗೆ ಬೆಂಕಿ ಬಿದ್ದಿದೆಯೋ, ಮೆಣಸಿನಕಾಯಿ ಸೀದಿದೆಯೋ ಅಂತ ಒಳಗೆ ಹೋಗಿಯೇ ನೋಡಬೇಕು. ಮಾರ್ಕರ್ ಕೂಡ ಹಾಗೇ, ಬರೀ ಹೊಗೆ.

ಹಾಗಾದರೆ ಈ ಪರೀಕ್ಷೆ ಇರುವುದಾದರೂ ಯಾಕೆ? ಕ್ಯಾನ್ಸರ್ ಖಚಿತವಾದವರಲ್ಲಿ ಚಿಕಿತ್ಸೆ ಕೆಲಸ ಮಾಡುತ್ತಿದೆಯೇ, ಆಪರೇಷನ್ ಆದ ಮೇಲೆ ಕಾಯಿಲೆ ಮರಳುತ್ತಿದೆಯೇ ಅಂತ ತಿಳಿಯಲು ಇದು ತುಂಬಾ ಉಪಯುಕ್ತ. ಯಾವ ತೊಂದರೆಯೂ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕುವುದಕ್ಕೆ ಸಿಎ 19-9 ಆಗಲಿ, ಸಿಇಎ ಆಗಲಿ ತಕ್ಕ ಪರೀಕ್ಷೆಗಳಲ್ಲ.

ಸಕ್ಕರೆಗೂ ಇದಕ್ಕೂ ಏನು ನಂಟು?

ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯಲ್ಲಿ. ಸಿಎ 19-9 ತಯಾರಾಗುವ ಜಾಗಗಳಲ್ಲೂ ಅದು ಒಂದು. ಒಂದೇ ಸೂರಿನ ಕೆಳಗಿನ ಎರಡು ಸಂಸಾರ ಇದ್ದ ಹಾಗೆ! ತಿಂಗಳುಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಆ ಗ್ರಂಥಿಯ ಕೋಶಗಳ ಮೇಲೆ ಒತ್ತಡ ಬೀಳುತ್ತದೆ. ಆಗ ಸಿಎ 19-9 ಹೆಚ್ಚು ಸೋರಿಕೆಯಾಗುತ್ತದೆ ಅನ್ನುವುದು ತಜ್ಞರ ವಿವರಣೆ.

ಹತೋಟಿಯಲ್ಲಿಲ್ಲದ ಮಧುಮೇಹಿಗಳಲ್ಲಿ ಸಿಎ 19-9 ಸರಾಸರಿಗಿಂತ ಹೆಚ್ಚಿರುವುದನ್ನು ಹಲವು ದೇಶಗಳ ವೈದ್ಯರು ಗಮನಿಸಿದ್ದಾರೆ. ಕಳೆದ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಹೆಚ್ಚಿದ್ದವರಲ್ಲಿ ಮಾರ್ಕರೂ ಹೆಚ್ಚಿರುವುದು ಕಂಡುಬಂದಿದೆ. ಮಾತ್ರೆ ಅಥವಾ ಇನ್ಸುಲಿನ್ ಕೊಟ್ಟು ಸಕ್ಕರೆ ಹತೋಟಿಗೆ ತಂದಾಗ ಅದೇ ಮಾರ್ಕರ್ ತಾನಾಗಿ ಇಳಿದ ಉದಾಹರಣೆಗಳೂ ಸಾಕಷ್ಟಿವೆ. ಸಿಇಎ ಕೂಡ ಮಧುಮೇಹಿಗಳಲ್ಲಿ ತುಸು ಮೇಲೆ ಇರುವುದುಂಟು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟೊಂದು ಜನರ ನಡುವೆ ಕಂಡಕಂಡವರಿಗೆಲ್ಲ ಮಾರ್ಕರ್ ಪರೀಕ್ಷೆ ಮಾಡಿಸುತ್ತಾ ಹೋದರೆ ಎಷ್ಟು ಮನೆಗಳಲ್ಲಿ ಸುಮ್ಮನೆ ಕಣ್ಣೀರು ಹರಿಯುತ್ತದೆ, ನೀವೇ ಯೋಚಿಸಿ.

ಸಕ್ಕರೆಯಿಂದ ಆಗುವ ಏರಿಕೆ ಸಾಮಾನ್ಯವಾಗಿ ಸಣ್ಣದು. 37ರ ಗೆರೆ ದಾಟಿ ನಲವತ್ತು, ಐವತ್ತು, ಅರವತ್ತರ ಆಸುಪಾಸು ಇರುತ್ತದೆ. ನೂರು ದಾಟಿದ್ದರೆ, ಅಥವಾ ಪ್ರತಿ ಸಲ ನೋಡಿದಾಗಲೂ ಮೇಲೇರುತ್ತಿದ್ದರೆ, ‘ಸಕ್ಕರೆಯಿಂದ ಇರಬೇಕು ಬಿಡಿ’ ಅಂತ ಸುಮ್ಮನಾಗುವಂತಿಲ್ಲ.

ಇನ್ನೂ ಇವೆ ಕಾರಣಗಳು

ಹಿರಿಯರಿಗೆ ಒಂದೇ ಕಾಯಿಲೆ ಇರುವುದು ಅಪರೂಪ. ಸಕ್ಕರೆಯ ಜತೆ ಬಿ.ಪಿ., ಅದರ ಜತೆ ಪಿತ್ತಕೋಶದ ಕಲ್ಲು, ಲಿವರಿನಲ್ಲಿ ಕೊಬ್ಬು... ಮಾರ್ಕರ್ ಏರಿಸುವ ಇತರ ಕಾರಣಗಳನ್ನೂ ಒಮ್ಮೆ ನೋಡಿ.

* ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಸಿಎ 19-9 ನೂರಾರು, ಕೆಲವೊಮ್ಮೆ ಸಾವಿರ ದಾಟುವುದೂ ಉಂಟು. ಕಲ್ಲು ತೆಗೆದು ಕಾಮಾಲೆ ಇಳಿದ ಮೇಲೆ ಅದೂ ಇಳಿಯುತ್ತದೆ.
* ಮೇದೋಜೀರಕ ಗ್ರಂಥಿಯ ಉರಿಯೂತ ಮತ್ತು ಲಿವರ್ ಸಿರೋಸಿಸ್‌ನಲ್ಲೂ ಸಿಎ 19-9 ಏರುತ್ತದೆ.
* ಬೀಡಿ, ಸಿಗರೇಟು ಸೇದುವವರಲ್ಲಿ ಸಿಇಎ ಸಹಜವಾಗಿಯೇ ಹೆಚ್ಚಿರುತ್ತದೆ. ಅದಕ್ಕೇ ಸೇದದವರಿಗೆ ಒಂದು ಮಿತಿ, ಸೇದುವವರಿಗೆ ಇನ್ನೊಂದು ಮಿತಿ.
* ಸಿಎ 125ರ ಸಾಮಾನ್ಯ ಮಿತಿ 35. ಹೊಟ್ಟೆಯ ಕ್ಷಯ, ಹೃದಯದ ದೌರ್ಬಲ್ಯ, ಹೊಟ್ಟೆಯಲ್ಲಿ ನೀರು ತುಂಬಿದ ಸ್ಥಿತಿಗಳಲ್ಲೂ ಅದು ಆ ಮಿತಿ ದಾಟುತ್ತದೆ. ವಯಸ್ಸಿನ ಹೆಣ್ಣುಮಕ್ಕಳಲ್ಲಿ ಮುಟ್ಟಿನ ದಿನಗಳು, ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್ ಕೂಡ ಕಾರಣವಾಗಬಹುದು.

ಇದಕ್ಕೆ ತದ್ವಿರುದ್ಧ ಸಂಗತಿಯೂ ಇದೆ. ನೂರರಲ್ಲಿ ಐದರಿಂದ ಹತ್ತು ಮಂದಿಯ ದೇಹಕ್ಕೆ ಸಿಎ 19-9 ತಯಾರಿಸುವ ಗುಣವೇ ಹುಟ್ಟಿನಿಂದ ಇರುವುದಿಲ್ಲ. ಲೂಯಿಸ್ ಎಂಬ ರಕ್ತದ ಗುಂಪಿಗೆ ಸಂಬಂಧಿಸಿದ ವಿಷಯ ಇದು. ಅಂಥವರಿಗೆ ಕ್ಯಾನ್ಸರ್ ಇದ್ದರೂ ಮಾರ್ಕರ್ ನಾರ್ಮಲ್ ಅಂತಲೇ ಬರುತ್ತದೆ. ಅಂದರೆ ಹೆಚ್ಚು ಬಂದಿದ್ದಕ್ಕೆ ಹೆದರಬೇಕಾಗಿಲ್ಲ, ಕಡಿಮೆ ಬಂದಿದ್ದಕ್ಕೆ ಮೈಮರೆಯುವಂತೆಯೂ ಇಲ್ಲ.

ಕೂದಲು ಉದುರುವುದಕ್ಕೆ, ಉಗುರು ಗಟ್ಟಿಯಾಗುವುದಕ್ಕೆ ಅಂತ ನುಂಗುವ ಬಯೋಟಿನ್ ಮಾತ್ರೆಗಳು ಗೊತ್ತಲ್ಲ? ಅವು ಕೆಲವು ಲ್ಯಾಬ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಿಬಿಡುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ರಕ್ತ ಕೊಡುವ ಮುಂಚೆ ಲ್ಯಾಬಿನವರಿಗೂ ಡಾಕ್ಟರಿಗೂ ಆ ಮಾತ್ರೆಯ ವಿಷಯ ತಪ್ಪದೆ ತಿಳಿಸಿ.

ಹಾಗಂತ ಹಗುರವಾಗಿ ತಗೋಬೇಡಿ

ಹಗ್ಗ ಕಂಡು ಹಾವೆಂದು ಬೆದರುವುದು ಒಂದು ತಪ್ಪು. ಹಾವನ್ನೇ ಹಗ್ಗವೆಂದು ಬಗೆದು ಮೇಲೆ ಕಾಲಿಡುವುದು ಇನ್ನೂ ದೊಡ್ಡ ತಪ್ಪು. ಇಷ್ಟು ಹೊತ್ತು ಹೇಳಿದ್ದು ಮೊದಲನೆಯದರ ಬಗ್ಗೆ. ಈಗ ಎರಡನೆಯದಕ್ಕೆ ಬರೋಣ.

ಜೀವಮಾನವಿಡೀ ಸಕ್ಕರೆ ಕಾಯಿಲೆ ಇಲ್ಲದವರಿಗೆ, ಮನೆತನದಲ್ಲೂ ಯಾರಿಗೂ ಇಲ್ಲದವರಿಗೆ ಅರವತ್ತೈದರಲ್ಲಿ ಇದ್ದಕ್ಕಿದ್ದಂತೆ ಸಕ್ಕರೆ ಕಾಣಿಸಿಕೊಂಡಿತು ಅನ್ನಿ. ‘ವಯಸ್ಸಾಯ್ತಲ್ಲ, ಬರುತ್ತೆ ಬಿಡಿ’ ಅನ್ನುತ್ತೇವೆ. ಬಹುತೇಕ ಸಲ ಅದು ಮಾಮೂಲಿ ಮಧುಮೇಹವೇ ಹೌದು. ಆದರೆ ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಮೊದಲು ಕೊಡುವ ಸುಳಿವೇ ಈ ಹೊಸ ಸಕ್ಕರೆ! ಗಡ್ಡೆ ಸ್ಕ್ಯಾನಿನಲ್ಲಿ ಕಾಣುವುದಕ್ಕೂ ಎರಡು-ಮೂರು ವರ್ಷ ಮೊದಲೇ ಸಕ್ಕರೆ ಏರಲು ಶುರುವಾಗಿರಬಹುದು.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿದ್ದ ಡಾ. ಸುರೇಶ್ ಚಾರಿ ಮತ್ತು ಸಂಗಡಿಗರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐವತ್ತು ದಾಟಿದ ಮೇಲೆ ಹೊಸದಾಗಿ ಮಧುಮೇಹ ಬಂದ 2,122 ಮಂದಿಯ ದಾಖಲೆಗಳನ್ನು ಅವರು ನೋಡಿದ್ದರು. ಮೂರು ವರ್ಷದೊಳಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾದದ್ದು 18 ಮಂದಿಯಲ್ಲಿ. ಅಂದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಅದು ಇರಲಿಲ್ಲ ಅನ್ನುವುದು ಸಮಾಧಾನದ ಮಾತು. ಆದರೆ ಅದೇ ವಯಸ್ಸಿನ ಇತರರಿಗೆ ಹೋಲಿಸಿದರೆ ಈ ಪ್ರಮಾಣ ಸುಮಾರು ಎಂಟು ಪಟ್ಟು ಹೆಚ್ಚು ಅನ್ನುವುದು ಎಚ್ಚರಿಕೆಯ ಮಾತು.

ಹಾಗಾದರೆ ಆ ಒಬ್ಬರನ್ನು ಗುರುತಿಸುವುದು ಹೇಗೆ? ಅದೇ ತಜ್ಞರ ಬಳಗ 2018ರಲ್ಲಿ ಒಂದು ಲೆಕ್ಕಾಚಾರ ರೂಪಿಸಿತು. ಅದು ನೋಡುವುದು ಮೂರೇ ಸಂಗತಿ: ವಯಸ್ಸು, ಸಕ್ಕರೆ ಎಷ್ಟು ಬೇಗ ಏರಿತು, ತೂಕ ಏನಾಯಿತು. ಈ ಮೂರನೆಯದು ನೀವು ಮನೆಯಲ್ಲೇ ಗಮನಿಸಬಹುದಾದದ್ದು. ಮಾಮೂಲಿ ಮಧುಮೇಹ ಸಾಮಾನ್ಯವಾಗಿ ತೂಕ ಹೆಚ್ಚಿದವರಿಗೆ ಬರುತ್ತದೆ. ಈ ಕ್ಯಾನ್ಸರಿನ ಜತೆ ಬರುವ ಸಕ್ಕರೆಯಲ್ಲಾದರೋ ತೂಕ ಇಳಿಯುತ್ತಾ ಸಕ್ಕರೆ ಏರುತ್ತದೆ. ಸಕ್ಕರೆ ವಿಪರೀತ ಹೆಚ್ಚಿದ್ದರೆ ಅದರಿಂದಲೇ ತೂಕ ಇಳಿಯುವುದೂ ಉಂಟು. ಆದರೆ ಸಕ್ಕರೆ ಹತೋಟಿಗೆ ಬಂದ ಮೇಲೆ ಆ ತೂಕ ಮರಳಬೇಕು. ಮರಳದೆ ಇಳಿಯುತ್ತಲೇ ಹೋದರೆ ಅದು ಎಚ್ಚರಿಕೆಯ ಗಂಟೆ.

ರವಿಕೆ ಸಡಿಲವಾಯಿತು, ಬಳೆ ಮೊಣಕೈವರೆಗೆ ಜಾರುತ್ತಿದೆ, ಉಂಗುರ ನಿಲ್ಲುತ್ತಿಲ್ಲ... ಇಂಥವನ್ನು ಮೊದಲು ಕಾಣುವುದು ಮನೆಯವರ ಕಣ್ಣಿಗೇ ಅಲ್ವಾ? ‘ಸಣ್ಣಗಾದ್ರಿ, ಚೆನ್ನಾಗಾಯ್ತು’ ಅಂತ ಹೊಗಳುವ ಮೊದಲು, ಅವರು ಪ್ರಯತ್ನಪಟ್ಟು ಸಣ್ಣಗಾದರೇ ಅಂತ ಕೇಳಿ.

ಈ ಲಕ್ಷಣಗಳಿದ್ದರೆ ಮಾರ್ಕರ್ ಎಷ್ಟೇ ಇರಲಿ, ಇರದಿರಲಿ, ಕಾಯಬೇಡಿ. ಆ ವಾರವೇ ವೈದ್ಯರನ್ನು ಕಾಣಿ:

* ಕಾರಣವಿಲ್ಲದೆ ತೂಕ ಇಳಿಯುವುದು, ಹಸಿವೇ ಇಲ್ಲದಿರುವುದು
* ಕಣ್ಣು, ಮೂತ್ರ ಹಳದಿಯಾಗುವುದು, ಮೈ ತುರಿಕೆ, ಮಲ ಬಿಳಿಚಿಕೊಳ್ಳುವುದು
* ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಚುಚ್ಚುವಂಥ ನೋವು, ಅದರಲ್ಲೂ ಮಲಗಿದಾಗ ಹೆಚ್ಚುವುದು
* ವರ್ಷಗಟ್ಟಲೆ ಹತೋಟಿಯಲ್ಲಿದ್ದ ಸಕ್ಕರೆ, ಊಟ-ಔಷಧಿ ಬದಲಾಗದಿದ್ದರೂ ಏಕಾಏಕಿ ಏರುವುದು
* ಮಲದಲ್ಲಿ ರಕ್ತ, ಅಥವಾ ಮಲವಿಸರ್ಜನೆಯ ಅಭ್ಯಾಸ ಬದಲಾಗುವುದು

ಸಕ್ಕರೆ ಏಕಾಏಕಿ ಏರಲು ಬೇರೆ ಕಾರಣವೂ ಇರಬಹುದು. ಮಂಡಿನೋವಿಗೆ, ಉಬ್ಬಸಕ್ಕೆ ಕೊಟ್ಟ ಸ್ಟೀರಾಯ್ಡ್, ಮೂತ್ರದ ಸೋಂಕು, ಮಾತ್ರೆ ಮರೆಯುವುದು ಇವೆಲ್ಲ ಸಕ್ಕರೆ ಏರಿಸುತ್ತವೆ. ಅದಕ್ಕೇ ಡಾಕ್ಟರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲಾ ಔಷಧಿಗಳನ್ನೂ, ನಾಟಿ ಔಷಧಿಯ ಪೊಟ್ಟಣವನ್ನೂ ಸೇರಿಸಿ, ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ.

ರಿಪೋರ್ಟ್ ಕೈಗೆ ಬಂತು, ಮುಂದೇನು?

ಮೊದಲು ಫೋನ್ ಕೆಳಗಿಡಿ! ನೆಂಟರಿಗೆಲ್ಲ ರಿಪೋರ್ಟ್ ಕಳಿಸುವುದು ಬೇಡ. ಆಮೇಲೆ ಹೀಗೆ ಮಾಡಿ.

1. ಪರೀಕ್ಷೆ ಮಾಡಿಸಿದ ದಿನ ಸಕ್ಕರೆ ಎಷ್ಟಿತ್ತು, ಎಚ್‌ಬಿಎ1ಸಿ ಎಷ್ಟಿದೆ ನೋಡಿ. ಎಚ್‌ಬಿಎ1ಸಿ ಮಾಡಿಸದಿದ್ದರೆ ಮಾಡಿಸಿ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು, ಎಚ್‌ಬಿಎ1ಸಿ ಶೇ 6.5 ಅಥವಾ ಹೆಚ್ಚು ಇದ್ದರೆ ಮಧುಮೇಹ ಅಂತ ಲೆಕ್ಕ. ತೊಂದರೆಗಳೇನೂ ಇಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾದ್ದರಿಂದ ಹಿಮೋಗ್ಲೋಬಿನ್ ಅಂಕಿಯನ್ನೂ ಜತೆಗಿಟ್ಟು ನೋಡಬೇಕು.

2. ಮೇಲೆ ಹೇಳಿದ ಲಕ್ಷಣಗಳು ಇವೆಯೇ ಅಂತ ಸಮಾಧಾನವಾಗಿ ಕೇಳಿ. ಹಿರಿಯರು ಮಕ್ಕಳಿಗೆ ತೊಂದರೆಯಾದೀತು ಅಂತ ಮುಚ್ಚಿಡುತ್ತಾರೆ. ಸೊಸೆಯ ಹತ್ತಿರ ಹೇಳದ್ದನ್ನು ಮಗಳ ಹತ್ತಿರ, ಮಗಳ ಹತ್ತಿರ ಹೇಳದ್ದನ್ನು ಮೊಮ್ಮಗಳ ಹತ್ತಿರ ಹೇಳಿಯಾರು.

3. ವೈದ್ಯರು ಸಾಮಾನ್ಯವಾಗಿ ಲಿವರ್ ಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಬರೆದುಕೊಡುತ್ತಾರೆ. ಪಿತ್ತಕೋಶದ ಕಲ್ಲು ಇದ್ದರೆ ಇದರಲ್ಲೇ ಗೊತ್ತಾಗುತ್ತದೆ. ಆದರೆ ಮೇದೋಜೀರಕ ಗ್ರಂಥಿ ಜಠರದ ಹಿಂದೆ ಅಡಗಿಕೊಂಡಿರುತ್ತದೆ. ಹೊಟ್ಟೆಯಲ್ಲಿ ಗ್ಯಾಸ್ ಇದ್ದರೆ ಅಲ್ಟ್ರಾಸೌಂಡಿನಲ್ಲಿ ಅದು ಪೂರ್ತಿ ಕಾಣುವುದಿಲ್ಲ. ಅನುಮಾನ ಇದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ.

4. ಸಿ.ಟಿ.ಗೆ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಆಗಿರಲಿ. ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಿದ್ದರೆ ಅದನ್ನು ತಿಳಿಸಿ. ಕಿಡ್ನಿ ದುರ್ಬಲವಾಗಿದ್ದರೆ ಆ ಮಾತ್ರೆಯನ್ನು ಕೆಲಕಾಲ ನಿಲ್ಲಿಸಲು ಹೇಳುತ್ತಾರೆ. ಉಪವಾಸ ಇರಿಸಿ ಸ್ಕ್ಯಾನ್ ಮಾಡುವ ದಿನ ಸಕ್ಕರೆ ಮಾತ್ರೆ, ಇನ್ಸುಲಿನ್ ಏನು ಮಾಡಬೇಕು ಅಂತ ಹಿಂದಿನ ದಿನವೇ ಕೇಳಿಕೊಳ್ಳಿ.

5. ಲಕ್ಷಣ ಏನೂ ಇಲ್ಲ, ಸ್ಕ್ಯಾನ್ ಸರಿಯಾಗಿದೆ, ಮಾರ್ಕರ್ ಮಾತ್ರ ತುಸು ಹೆಚ್ಚು ಅಂದರೆ, ಸಕ್ಕರೆಯನ್ನು ಹತೋಟಿಗೆ ತಂದು ನಾಲ್ಕರಿಂದ ಎಂಟು ವಾರದ ನಂತರ ಮತ್ತೊಮ್ಮೆ ಮಾಡಿಸಿ ಅನ್ನುವುದು ಸಾಮಾನ್ಯ ಕ್ರಮ. ಎರಡನೇ ಸಲವೂ ಅದೇ ಲ್ಯಾಬಿಗೆ ಹೋಗಿ. ಒಂದೊಂದು ಲ್ಯಾಬಿನ ಕಿಟ್ ಒಂದೊಂದು ಬಗೆ, ಅಂಕಿಗಳು ತಾಳೆಯಾಗುವುದಿಲ್ಲ.

6. ಎರಡನೇ ಅಂಕಿ ಇಳಿದಿದ್ದರೆ ಅರ್ಧ ಗೆದ್ದಂತೆ. ಇಳಿಯದೆ ಏರಿದ್ದರೆ ಮುಂದಿನ ತಪಾಸಣೆಗೆ ಹೊಟ್ಟೆಯ ತಜ್ಞರನ್ನು ಕಾಣಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲು ಹೇಳಿದರೆ ಹೆಸರು ಕೇಳಿಯೇ ಕುಸಿಯಬೇಡಿ. ಇಲ್ಲ ಅಂತ ಖಚಿತ ಮಾಡಿಕೊಂಡು ಬರುವುದಕ್ಕೂ ಅಲ್ಲಿಗೆ ಹೋಗುತ್ತಾರೆ.

ಸಕ್ಕರೆ ಇಳಿಸುವ ಭರದಲ್ಲಿ...

‘ಸಕ್ಕರೆ ಇಳಿದರೆ ಮಾರ್ಕರ್ ಇಳಿಯುತ್ತೆ’ ಅಂತ ಕೇಳಿದ್ದೇ ತಡ, ಕೆಲವರು ಅಮ್ಮನ ಅನ್ನ ನಿಲ್ಲಿಸಿ, ಮಾತ್ರೆ ಹೆಚ್ಚಿಸಿ, ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಲು ಶುರು ಮಾಡುತ್ತಾರೆ. ಇದು ಮಾರ್ಕರಿಗಿಂತ ಹೆಚ್ಚು ಅಪಾಯಕಾರಿ!

ಹಿರಿಯರಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಲೆ ತಿರುಗಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ, ಹೃದಯಕ್ಕೂ ತೊಂದರೆ. ಚಿಕ್ಕ ವಯಸ್ಸಿನವರ ಹಾಗೆ ಅವರಿಗೆ ಬೆವರು, ನಡುಕ ಕಾಣಿಸದೇ ಇರಬಹುದು. ಸುಮ್ಮನೆ ಮಂಕಾಗುತ್ತಾರೆ, ಅಸಂಬದ್ಧ ಮಾತಾಡುತ್ತಾರೆ, ಸಿಡುಕುತ್ತಾರೆ. ‘ಅರಳುಮರಳು’ ಅಂತ ನಾವು ತಳ್ಳಿಹಾಕುತ್ತೇವೆ. ಅಂಥ ಹೊತ್ತಿನಲ್ಲಿ ಮೊದಲು ಸಕ್ಕರೆ ನೋಡಿ.

ಎಚ್ಚರವಿದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ. ಅದಿಲ್ಲದಿದ್ದರೆ ಸಕ್ಕರೆ ಆದೀತು. ಆದರೆ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತಗೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಸರಿಯಾದರೂ ಮತ್ತೆ ಇಳಿಯಬಹುದು. ಹಾಗಾಗಿ ಒಂದು ದಿನ ಆಸ್ಪತ್ರೆಯಲ್ಲಿ ನಿಗಾ ಬೇಕಾದೀತು.

ವಯಸ್ಸಾದವರಿಗೆ ಗುರಿಯೂ ಬೇರೆ. ಗಟ್ಟಿಮುಟ್ಟಾಗಿರುವ ಹಿರಿಯರಿಗೆ ಎಚ್‌ಬಿಎ1ಸಿ ಶೇ 7ರಿಂದ 7.5ರೊಳಗೆ ಇದ್ದರೆ ಚೆನ್ನ. ಹಲವು ಕಾಯಿಲೆಗಳಿದ್ದು, ಮರೆವು, ನಿಶ್ಶಕ್ತಿ ಇರುವವರಿಗೆ 8ರವರೆಗೂ ಬಿಡುತ್ತಾರೆ. ಪಕ್ಕದ ಮನೆಯ ನಲವತ್ತರ ಗೃಹಿಣಿಯ ಅಂಕಿ ಅಜ್ಜಿಗೆ ಬೇಡ.

ಊಟದ ವಿಷಯದಲ್ಲಿ ಪಥ್ಯಕ್ಕಿಂತ ಹೊತ್ತು ಮುಖ್ಯ. ಮಾತ್ರೆ ನುಂಗಿ ಪೂಜೆ ಮುಗಿಯುವವರೆಗೆ ಖಾಲಿ ಹೊಟ್ಟೆಯಲ್ಲಿ ಕೂರುವುದು, ಏಕಾದಶಿ, ಸಂಕಷ್ಟಿ ಅಂತ ಉಪವಾಸ ಮಾಡಿ ಮಾತ್ರೆ ಮಾತ್ರ ಬಿಡದಿರುವುದು ನಮ್ಮ ಅಮ್ಮಂದಿರ ಅಭ್ಯಾಸ. ಉಪವಾಸ ಮಾಡಲೇಬೇಕೆಂದರೆ ಆ ದಿನದ ಮಾತ್ರೆ ಹೇಗೆ ಅಂತ ಡಾಕ್ಟರನ್ನು ಮೊದಲೇ ಕೇಳಿ. ರಾಗಿ ಒಳ್ಳೇದೇ, ಆದರೆ ಅದೂ ಧಾನ್ಯವೇ. ಎರಡು ಮುದ್ದೆಯ ಬದಲು ಒಂದು ಸಣ್ಣ ಮುದ್ದೆ, ಜತೆಗೆ ಧಾರಾಳವಾಗಿ ಸೊಪ್ಪಿನ ಸಾರು, ಮೊಳಕೆಕಾಳು ಇರಲಿ. ರಾಗಿ ಗಂಜಿ ಕುಡಿದರೆ ಮುದ್ದೆಗಿಂತ ಬೇಗ ಸಕ್ಕರೆ ಏರುತ್ತದೆ. ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ-ಮೀನು ಬಿಡಿಸಬೇಡಿ. ಈ ವಯಸ್ಸಿನಲ್ಲಿ ಮಾಂಸಖಂಡ ಕರಗದಂತೆ ನೋಡಿಕೊಳ್ಳುವುದು ಸಕ್ಕರೆಯಷ್ಟೇ ಮುಖ್ಯ. ಊಟವಾದ ಮೇಲೆ ಅಂಗಳದಲ್ಲೋ ಟೆರೇಸಿನಲ್ಲೋ ಹತ್ತು ನಿಮಿಷ ನಡೆಯಲಿ.

ಮಹಿಳೆಯರೇ, ಇದನ್ನು ಗಮನಿಸಿ

ಮಧುಮೇಹ ಇರುವ ಹೆಣ್ಣುಮಕ್ಕಳಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಂಭವ ಇತರರಿಗಿಂತ ಹೆಚ್ಚು, ಸುಮಾರು ಎರಡು ಪಟ್ಟು. ಬೊಜ್ಜು ಸೇರಿದರೆ ಇನ್ನೂ ಹೆಚ್ಚು. ಇದಕ್ಕೆ ಮಾರ್ಕರ್ ಪರೀಕ್ಷೆ ಬೇಕಿಲ್ಲ, ದೇಹವೇ ಸೂಚನೆ ಕೊಡುತ್ತದೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಒಂದು ಚುಕ್ಕೆ ರಕ್ತ ಕಂಡರೂ ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು. ‘ಈ ವಯಸ್ಸಲ್ಲಿ ಇದನ್ನೆಲ್ಲ ಹೇಳಿಕೊಳ್ಳೋದಾ’ ಅಂತ ನಾಚಿಕೆಪಟ್ಟು ಬಟ್ಟೆ ಬಚ್ಚಿಡುವ ತಾಯಂದಿರು ಇನ್ನೂ ಇದ್ದಾರೆ. ನೀವಾಗಿ ಕೇಳಿ. ಬೇಗ ಗೊತ್ತಾದರೆ ಬಹುಪಾಲು ಮಂದಿ ಗುಣವಾಗುವ ಕ್ಯಾನ್ಸರ್ ಇದು.

ಸಿಎ 125 ಪರೀಕ್ಷೆ ಪ್ರತಿ ವರ್ಷ ಮಾಡಿಸಿದರೆ ಅಂಡಾಶಯದ ಕ್ಯಾನ್ಸರಿನಿಂದ ಪಾರಾಗಬಹುದೇ? ಬ್ರಿಟನ್ನಿನಲ್ಲಿ ಮುಟ್ಟು ನಿಂತ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಬಂತು. ಈ ಬಗೆಯ ತಪಾಸಣೆಯಿಂದ ಆ ಕ್ಯಾನ್ಸರಿನ ಸಾವುಗಳು ಕಡಿಮೆಯಾಗಲಿಲ್ಲ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆ ನೋವು ವಾರಗಟ್ಟಲೆ ಬಿಡದಿದ್ದರೆ ಆಗ ವೈದ್ಯರ ಸಲಹೆಯಂತೆ ಮಾಡಿಸಿದರೆ ಅದಕ್ಕೆ ಬೆಲೆ.

ಹಾಗಾದರೆ ಯಾವ ಪರೀಕ್ಷೆಗೆ ಹಣ, ಸಮಯ ಹಾಕಬೇಕು? ಸ್ತನ, ಗರ್ಭಕೋಶದ ಕೊರಳು ಮತ್ತು ಬಾಯಿಯ ತಪಾಸಣೆಗೆ. 30 ವರ್ಷ ದಾಟಿದವರಿಗೆ ಈ ಮೂರರ ಜತೆ ಸಕ್ಕರೆ, ಬಿ.ಪಿ. ನೋಡುವ ವ್ಯವಸ್ಥೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಎಲೆಅಡಿಕೆ, ತಂಬಾಕು ಹಾಕುವ ಅಜ್ಜಿ ಮನೆಯಲ್ಲಿದ್ದರೆ ಅವರ ಬಾಯಿಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ ಇದೆಯೇ ಅಂತ ಮೊದಲು ನೋಡಿ.

ನೀವು ಕೇಳುವ ಪ್ರಶ್ನೆಗಳು

* ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತಾ?
ಸಿಹಿ ತಿಂದದ್ದಕ್ಕೇ ಕ್ಯಾನ್ಸರ್ ಬರುವುದಿಲ್ಲ. ಆದರೆ ಬೊಜ್ಜು ಮತ್ತು ಹತೋಟಿ ತಪ್ಪಿದ ಮಧುಮೇಹದ ಜತೆ ಕೆಲವು ಕ್ಯಾನ್ಸರುಗಳ ಸಂಭವ ಹೆಚ್ಚುತ್ತದೆ. ಚಿಕಿತ್ಸೆಯಲ್ಲಿರುವ ಕ್ಯಾನ್ಸರ್ ರೋಗಿಗೆ ಹೆದರಿ ಊಟ ಕಡಿಮೆ ಮಾಡಿಸುವುದು ಖಂಡಿತ ತಪ್ಪು.

* ಮಾರ್ಕರ್ ಇಳಿಸುವ ಔಷಧಿ, ಕಷಾಯ ಇದೆಯಾ?
ಇಲ್ಲ. ಏರಲು ಕಾರಣವಾದದ್ದನ್ನು ಸರಿಪಡಿಸಿದರೆ ಅದು ಇಳಿಯುತ್ತದೆ. ಅಂಕಿ ಇಳಿಸಿಕೊಡುತ್ತೇವೆ ಅನ್ನುವವರ ಮಾತಿಗೆ ಹಣ ಕಳೆದುಕೊಳ್ಳಬೇಡಿ.

* ಅಮ್ಮನಿಗೆ ಈ ವಿಷಯ ಹೇಳಬೇಕಾ, ಮುಚ್ಚಿಡಬೇಕಾ?
ಹೇಳಿ. ಮುಚ್ಚಿಟ್ಟರೆ ಮನೆಯವರ ಪಿಸುಮಾತಿನಲ್ಲೇ ಅವರು ಇನ್ನೂ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾರೆ. ‘ಸಕ್ಕರೆ ಜಾಸ್ತಿ ಇದೆ, ಅದರ ಜತೆ ಇನ್ನೊಂದು ಅಂಕಿಯೂ ಸ್ವಲ್ಪ ಏರಿದೆ. ಸಕ್ಕರೆ ಸರಿಮಾಡಿ ಮತ್ತೆ ನೋಡೋಣ ಅಂತ ಡಾಕ್ಟರು ಹೇಳಿದ್ದಾರೆ’ ಎಂದರೆ ಸಾಕು, ಅದು ಸುಳ್ಳೂ ಅಲ್ಲ.

ಒಂದು ನೋಟ್‌ಬುಕ್ ಇಡಿ. ತಿಂಗಳಿಗೊಮ್ಮೆ ತೂಕ, ವಾರಕ್ಕೆರಡು ಸಲ ಸಕ್ಕರೆ, ಹೊಸ ಔಷಧಿ ಶುರುಮಾಡಿದ ದಿನಾಂಕ, ಪರೀಕ್ಷೆ ಮಾಡಿಸಿದ ಲ್ಯಾಬಿನ ಹೆಸರು ಬರೆಯುತ್ತಾ ಹೋಗಿ. ಒಂದು ದಿನದ ಒಂದು ಅಂಕಿ ಏನೂ ಹೇಳುವುದಿಲ್ಲ. ಆರು ತಿಂಗಳ ಪಟ್ಟಿ ಡಾಕ್ಟರ ಮುಂದಿಟ್ಟರೆ ಏರಿದ್ದೆಷ್ಟು, ಇಳಿದದ್ದೆಷ್ಟು, ಯಾವುದರ ಹಿಂದೆ ಯಾವುದು ಬಂತು ಅನ್ನುವುದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಇವತ್ತೇ ತೂಕದಿಂದ ಶುರು ಮಾಡಿ.